ಶಕ್ತಿನಗರದ ಒಲೆ ಆರುವ ತಾರೀಖು ಹೇಳಿ

ತೀನ್ ಕಂದೀಲಿನಲ್ಲಿ ಸಂಜೆ ಅಂಗಡಿಗೆ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತೆನ್ನಿ. ಗಲ್ಲಾ ಪೆಟ್ಟಿಗೆಯ ಹಿಂದೆ ಕುಂತವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಕರೆಂಟ್ ಹುಟ್ಟೋ ಊರಾಗೇ ಕರೆಂಟ್ ಇಲ್ಲ ನೋಡ್ರಿ." ಈ ಮಾತಿಗೆ ನಲವತ್ತು ವರ್ಷ ತುಂಬಿತು. 1985ರಲ್ಲಿ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಹೊತ್ತಿಕೊಂಡಾಗ ತೊಟ್ಟಿಲಲ್ಲಿದ್ದ ಕೂಸು ಇವತ್ತು ಮಗಳ ಮದುವೆಯ ಚಿಂತೆಯಲ್ಲಿದೆ.

ಮಾತು ಹಳೆಯದಾಯಿತು, ಪ್ರಶ್ನೆ ಹೊಸದಾಗಲಿಲ್ಲ. ಕರೆಂಟು ಎಷ್ಟು ತಾಸು ಬಂತು, ಎಷ್ಟು ತಾಸು ಹೋಯಿತು ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಆ ಕರೆಂಟಿನ ಜೊತೆಗೇ ಹುಟ್ಟಿದ ಬೂದಿ ಎಷ್ಟು, ಹೊಗೆ ಎಷ್ಟು, ಅದು ಯಾರ ಎದೆಯೊಳಗೆ ಹೋಗಿ ಕುಂತಿತು, ಆ ಒಲೆ ಆರುವುದು ಯಾವಾಗ, ಆರಿದ ಮೇಲೆ ಅದನ್ನೇ ನಂಬಿ ಬದುಕಿದವರ ಗತಿ ಏನು? ಈ ಲೆಕ್ಕ ಕೇಳುವವರು ಕಡಿಮೆ. ಕೇಳಿದರೂ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಬೆರಳು ತೋರಿಸುವ ಪದ್ಧತಿ ಇದ್ದೇ ಇದೆ.

ಕಲ್ಲಿದ್ದಲನ್ನು ಈ ಜಿಲ್ಲೆಗೆ ತಂದವರನ್ನು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಂದಿನಿಂದ ಎಂಬತ್ತು ವರ್ಷ ಕನ್ನಡನಾಡಿನ ದೀಪ ಉರಿದದ್ದು ನೀರಿನ ಬಲದಿಂದ. ಜೋಗ, ಶರಾವತಿ, ಕಾಳಿ. ಮಳೆ ಬಂದರೆ ಬೆಳಕು, ಮಳೆ ಕೈಕೊಟ್ಟರೆ ಕತ್ತಲೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಸಾಲಿಟ್ಟು ಕರೆಂಟಿಗೆ ಕಾದವರು ಇವತ್ತಿಗೂ ಇದ್ದಾರೆ. ಆಗ ರಾಯಚೂರಿನಲ್ಲಿ ಮೂರು ಅನುಕೂಲ ಒಟ್ಟಿಗೆ ಸಿಕ್ಕವು: ಕೃಷ್ಣೆಯ ನೀರು, ರೈಲು ದಾರಿ, ಪಕ್ಕದ ಸಿಂಗರೇಣಿಯ ಕಲ್ಲಿದ್ದಲು. ಒಂದು ಘಟಕ ಎರಡಾಯಿತು, ಏಳಾಯಿತು. ತಲಾ 210 ಮೆಗಾವ್ಯಾಟಿನ ಏಳು, ಆಮೇಲೆ 250ರ ಇನ್ನೊಂದು, ಒಟ್ಟು 1720 ಮೆಗಾವ್ಯಾಟ್. ಅದು ಸಾಲದೆಂದು ಊರಿನ ಮಗ್ಗುಲಲ್ಲೇ ಯರಮರಸಿನಲ್ಲಿ 800 ಮೆಗಾವ್ಯಾಟಿನ ಎರಡು ಘಟಕ ಎದ್ದವು.

ಹೈದರಾಬಾದ್ ರಸ್ತೆಯ ಬಸ್ಸು ಹತ್ತಿದವರಿಗೆ ಮೊದಲು ಯರಮರಸ್, ಮುಂದೆ ಚಿಕ್ಕಸುಗೂರು, ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಶಕ್ತಿನಗರ, ದೇವಸೂಗೂರು, ಆಮೇಲೆ ಹೊಳೆ. ಈ ಒಂದೇ ದಾರಿಯ ಮೇಲೆ 3320 ಮೆಗಾವ್ಯಾಟಿನ ಕಲ್ಲಿದ್ದಲ ಒಲೆಗಳಿವೆ. 2024ರ ಬೇಸಿಗೆಯಲ್ಲಿ ಇಡೀ ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿದ್ದಾಗ, ಈ ಒಲೆಗಳೆಲ್ಲ ಪೂರ್ತಿ ಉರಿದರೆ ಐದು ದೀಪಗಳಲ್ಲಿ ಒಂದು ದೀಪ ಈ ರಸ್ತೆಯದು. ಬಾಯ್ಲರಿನ ಪಕ್ಕದಲ್ಲಿ ಪಾಳಿ ಮಾಡಿದವರ ಬೆವರು ಅದರಲ್ಲಿದೆ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಈಗ ಬೂದಿಯ ಲೆಕ್ಕ. ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ, ಆದರೂ ಒಂದು ಸಲ ಕೂಡಿಸಿ ನೋಡಬಹುದು. ಒಂದು ಯೂನಿಟ್ ಕರೆಂಟಿಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಬೇಕು. ಶಕ್ತಿನಗರ ಒಂದೇ, ಅದೂ ಅರ್ಧ ಬಲದಲ್ಲಿ ಓಡಿತೆಂದು ಹಿಡಿದರೂ ದಿನಕ್ಕೆ ಎರಡು ಕೋಟಿ ಯೂನಿಟ್ ಆಯಿತು. ಅದಕ್ಕೆ 13 ಸಾವಿರ ಟನ್ನಿಗೂ ಹೆಚ್ಚು ಕಲ್ಲಿದ್ದಲು. ಈ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲಿ ಒಂದು ಪಾಲು ಬೂದಿಯೇ, ಕೆಲವು ಗಣಿಗಳದ್ದರಲ್ಲಿ ಇನ್ನೂ ಹೆಚ್ಚು. ರಾಜೇಂದ್ರ ಗಂಜಿನಲ್ಲಿ ಒಂದು ಕ್ವಿಂಟಲ್ ಚೀಲದೊಳಗೆ 35 ಕಿಲೋ ಮಣ್ಣು ಬಂದರೆ ಯಾವ ದಲಾಲಿಯೂ ಆ ಚೀಲ ಇಳಿಸಿಕೊಳ್ಳುವುದಿಲ್ಲ. ಶಕ್ತಿನಗರ ನಲವತ್ತು ವರ್ಷದಿಂದ ಇಳಿಸಿಕೊಳ್ಳುತ್ತಿದೆ. ಅರ್ಧ ಬಲದ ಒಂದು ದಿನಕ್ಕೆ ನಾಲ್ಕೂವರೆ ಸಾವಿರ ಟನ್ ಬೂದಿ. 20 ಟನ್ನಿನ ಲಾರಿಯಾದರೆ 220 ಲಾರಿ. ನಾಳೆ ಬೆಳಗಾದರೆ ಮತ್ತೆ ಅಷ್ಟೇ.

ಈ ಬೂದಿ ಪೂರ್ತಿ ಹಾಳು ಹೋಗುತ್ತದೆಂದಲ್ಲ. ಸಿಮೆಂಟಿಗೆ ಹೋಗುತ್ತದೆ, ಇಟ್ಟಿಗೆಗೆ ಹೋಗುತ್ತದೆ, ರಸ್ತೆಗೆ ಹೋಗುತ್ತದೆ. ಅದರ ಮೇಲೆ ಬದುಕುವ ಇಟ್ಟಿಗೆ ಭಟ್ಟಿಯವರೂ ಲಾರಿಯವರೂ ಇದ್ದಾರೆ. ಬೂದಿಯನ್ನು ಹೀಗೆ ಬಳಸಬೇಕೆಂದು ಕೇಂದ್ರ ಸರ್ಕಾರ 1999ರಲ್ಲೇ ಕಟ್ಟಳೆ ಮಾಡಿತು. ನೂರಕ್ಕೆ ನೂರು ಬಳಕೆಯಾಗಬೇಕು ಎಂದು 2021ರ ಕೊನೆಯ ದಿನ ಮತ್ತೆ ಬಿಗಿಯಾದ ಅಧಿಸೂಚನೆ ಹೊರಡಿಸಿತು. ಒಂದೇ ಮಾತನ್ನು ಇಪ್ಪತ್ತು ವರ್ಷ ಮೇಲಿಂದ ಮೇಲೆ ಹೇಳಬೇಕಾಗಿ ಬಂದದ್ದೇ ಮಾತು ಎಷ್ಟು ನಡೆಯಿತು ಎಂಬುದಕ್ಕೆ ಸಾಕ್ಷಿ. ಬಳಕೆಯಾಗದೆ ಉಳಿದದ್ದು ನೀರಿನ ಜೊತೆ ಕಲಸಿ ಬೂದಿ ಹೊಂಡಕ್ಕೆ ಹೋಗುತ್ತದೆ. ಹೊಂಡ ಒದ್ದೆ ಇರುವತನಕ ಸುಮ್ಮನಿರುತ್ತದೆ. ಚೈತ್ರ ವೈಶಾಖದ ಬಿಸಿಲಿಗೆ ಮೇಲ್ಪದರ ಒಣಗಿ ಗಾಳಿ ಎದ್ದರೆ ಒಣಗಲು ಹಾಕಿದ ಬಟ್ಟೆಯೇ ವರದಿ ಕೊಡುತ್ತದೆ.

ಕಣ್ಣಿಗೆ ಕಾಣುವ ಬೂದಿಗಿಂತ ಕಾಣದ ಬೂದಿ ಕೆಟ್ಟದ್ದು. ಚಿಮಣಿಗೆ ಮೊದಲು ವಿದ್ಯುತ್ ಬಲದಿಂದ ಬೂದಿ ಹಿಡಿಯುವ ಯಂತ್ರ ಇರುತ್ತದೆ. ಅದು ಸರಿಯಾಗಿ ನಡೆದರೆ ನೂರಕ್ಕೆ 99 ಪಾಲು ಹಿಡಿಯುತ್ತದೆ. ತಪ್ಪಿಸಿಕೊಳ್ಳುವ ಉಳಿದ ಪಾಲಿನಲ್ಲಿ ತೀರ ಸಣ್ಣ ಕಣಗಳೇ ಹೆಚ್ಚು. ಎರಡೂವರೆ ಮೈಕ್ರಾನಿನ ಕಣವೆಂದರೆ ತಲೆಗೂದಲಿನ ಮೂವತ್ತರಲ್ಲಿ ಒಂದು ಭಾಗದಷ್ಟು ದಪ್ಪ. ಮೂಗಿನ ಕೂದಲು ಇದನ್ನು ತಡೆಯುವುದಿಲ್ಲ, ಕೆಮ್ಮಿದರೂ ಹೊರಬರುವುದಿಲ್ಲ. ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ, ಕೆಲವು ರಕ್ತಕ್ಕೂ ಸೇರುತ್ತವೆ. ದಮ್ಮು ಒಂದೇ ಅಲ್ಲ, ಹೃದಯಾಘಾತ, ಲಕ್ವ, ಶ್ವಾಸಕೋಶದ ಕ್ಯಾನ್ಸರ್, ತೂಕ ಕಡಿಮೆ ಇರುವ ಕೂಸು ಹುಟ್ಟುವುದು, ಇವೆಲ್ಲಕ್ಕೂ ಇದರ ನಂಟು ಇದೆಯೆಂದು ವೈದ್ಯರು ಬಹಳ ದಿನದಿಂದ ಹೇಳುತ್ತಿದ್ದಾರೆ. ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಇಂಥ ಕಣ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಈ ದೇಶ 2009ರಲ್ಲಿ ಹಾಕಿಕೊಂಡ ಮಿತಿ 40. ಎಂಟು ಪಟ್ಟು. ಜಿನೀವಾದವರ ಎದೆಗೂ ಜೇಗರಕಲ್ಲಿನವರ ಎದೆಗೂ ಎಂಟು ಪಟ್ಟು ವ್ಯತ್ಯಾಸ ದೇವರು ಇಟ್ಟಂತೆ ಕಾಣುವುದಿಲ್ಲ.

2019ರ ಒಂದೇ ವರ್ಷದಲ್ಲಿ ಕೆಟ್ಟ ಗಾಳಿಯಿಂದ ಭಾರತದಲ್ಲಿ 16.7 ಲಕ್ಷ ಸಾವು ಸಂಭವಿಸಿತೆಂದು ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಲೆಕ್ಕ ಪ್ರಕಟವಾಯಿತು. ಇದೆಲ್ಲ ಕಲ್ಲಿದ್ದಲ ಪಾಪವೇ ಎಂದರೆ ಸುಳ್ಳಾಗುತ್ತದೆ. ಸೌದೆ ಒಲೆಯ ಹೊಗೆ ಇದೆ, ವಾಹನ ಇದೆ, ರಸ್ತೆಯ ಧೂಳಿದೆ, ಕಸ ಸುಡುವ ಚಟ ಇದೆ. ಆದರೆ ಒಬ್ಬೊಬ್ಬರ ಮನೆಯ ಒಲೆಯನ್ನು ಹುಡುಕಿ ಆರಿಸುವುದಕ್ಕಿಂತ ಒಂದೇ ಜಾಗದಲ್ಲಿ ಉರಿಯುವ ಎಂಟು ದೊಡ್ಡ ಒಲೆಗಳ ಹೊಗೆ ಹಿಡಿಯುವುದು ಸರ್ಕಾರಕ್ಕೆ ಸುಲಭವಾಗಬೇಕಿತ್ತು.

ಚಿಮಣಿಗೆ ರಿಯಾಯಿತಿ

ಸುಲಭ ಆಯಿತೇ? 2015ರ ಡಿಸೆಂಬರಿನಲ್ಲಿ ಕೇಂದ್ರದ ಪರಿಸರ ಮಂತ್ರಾಲಯ ಚಿಮಣಿಗಳಿಗೆ ಹೊಸ ಮಿತಿ ಹಾಕಿತು. ಎರಡು ವರ್ಷದೊಳಗೆ ಸರಿಪಡಿಸಿ ಎಂದಿತು. 2017 ಹೋಯಿತು, 2022 ಹೋಯಿತು, ಗಡುವು ಮುಂದಕ್ಕೆ ಮುಂದಕ್ಕೆ ಹೋಯಿತು. ಕೊನೆಗೆ 2025ರ ಜುಲೈಯಲ್ಲಿ ಗಂಧಕದ ಹೊಗೆ ಹಿಡಿಯುವ ಯಂತ್ರದ ವಿಷಯದಲ್ಲಿ ಹೊಸ ತೀರ್ಮಾನ ಬಂತು. ದೆಹಲಿ ಸೀಮೆಯ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನ ಇರುವ ನಗರದ 10 ಕಿಲೋಮೀಟರ್ ಒಳಗಿನ ಕೇಂದ್ರಗಳಿಗೆ ಕಡ್ಡಾಯ, ತೀರ ಮಲಿನವೆಂದು ಗುರುತಿಸಿದ ಊರುಗಳ ಹತ್ತಿರದವನ್ನು ಒಂದೊಂದಾಗಿ ನೋಡಿ ನಿರ್ಧಾರ, ಉಳಿದವಕ್ಕೆ ಷರತ್ತಿನ ಮೇಲೆ ವಿನಾಯಿತಿ. ದೇಶದ ಕೇಂದ್ರಗಳಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಪಾಲು ಹೀಗೆ ಹೊರಗುಳಿದವು.

ಸರ್ಕಾರದ ಕಡೆಯ ವಾದವನ್ನೂ ಹೇಳಬೇಕು. ಇಲ್ಲಿನ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರ ಬಹಳ ದುಬಾರಿ, ಗಾಳಿಯಲ್ಲಿ ಗಂಧಕದ ಹೊಗೆ ಮಿತಿಯೊಳಗೇ ಇದೆ ಎನ್ನುತ್ತಾರೆ. ಮೂರರಲ್ಲೂ ತಕ್ಕಮಟ್ಟಿಗೆ ಸತ್ಯ ಇದೆ. ಆದರೆ ಚಿಮಣಿಯಿಂದ ಹೊರಟ ಗಂಧಕದ ಹೊಗೆ ಹೊಗೆಯಾಗಿಯೇ ಉಳಿಯುವುದಿಲ್ಲ. ಗಾಳಿಯಲ್ಲಿ ಹೋಗುತ್ತಾ ಹೋಗುತ್ತಾ ಮೇಲೆ ಹೇಳಿದ ಸಣ್ಣ ಕಣವಾಗಿ ಮಾರ್ಪಟ್ಟು ನೂರಾರು ಕಿಲೋಮೀಟರ್ ದೂರ ಬೀಳುತ್ತದೆ. ಚಿಮಣಿಯ ಬುಡದಲ್ಲಿ ಅಳೆದು "ಮಿತಿಯೊಳಗಿದೆ" ಎಂದರೆ ಲಿಂಗಸುಗೂರಿನಲ್ಲಿ ಕೆಮ್ಮುವವನಿಗೆ ಏನು ಉಪಯೋಗ? 2011ರ ಜನಗಣತಿಯಲ್ಲಿ ರಾಯಚೂರು ನಗರದ ಜನ ಎರಡೂವರೆ ಲಕ್ಷದ ಒಳಗೆ. ಹತ್ತು ಲಕ್ಷದ ಕಡ್ಡಾಯದ ಪಟ್ಟಿಗೆ ಈ ಊರು ಸೇರುವುದೇ ಇಲ್ಲ. ತಲೆ ಎಣಿಸಿ ಎದೆಗೆ ಬೆಲೆ ಕಟ್ಟಿದ ಹಾಗಾಯಿತು.

ಬೂದಿಯ ಕಣದ ಮಿತಿಯೂ ಹಾಗೇ. 2017ರಿಂದೀಚಿನ ಘಟಕವಾದರೆ ಒಂದು ಘನ ಮೀಟರ್ ಹೊಗೆಗೆ 30 ಮಿಲಿಗ್ರಾಂ, 2003ರ ಒಳಗಿನದ್ದಾದರೆ 100. ಶಕ್ತಿನಗರದ ಎಂಟರಲ್ಲಿ ಏಳು ಈ ಹಳೆಯ ಸಾಲಿನವು. ಹಳೆಯ ಬಸ್ಸಿಗೆ ಬ್ರೇಕು ಸ್ವಲ್ಪ ಕಮ್ಮಿ ಇದ್ದರೂ ನಡೆಯುತ್ತದೆ ಎಂದು ಯಾವ ಆರ್‌ಟಿಓ ಒಪ್ಪುತ್ತಾನೆ?

ದೆಹಲಿಯ ಕಥೆ ಬೇರೆ. ಅಲ್ಲಿನ ಬದರಪುರದ ಕಲ್ಲಿದ್ದಲ ಕೇಂದ್ರವೂ ಎಪ್ಪತ್ತರ ದಶಕದ್ದು, 705 ಮೆಗಾವ್ಯಾಟಿನದ್ದು. ರಾಜಧಾನಿಯ ಗಾಳಿ ಕೆಟ್ಟಿತೆಂದು ಗಲಾಟೆ ಎದ್ದಿತು, ಕೋರ್ಟು ಕಚೇರಿ ಆಯಿತು, 2018ರ ಅಕ್ಟೋಬರಿನಲ್ಲಿ ಬೀಗ ಬಿತ್ತು. ಅದಕ್ಕೂ ಮೊದಲೇ ಇಂದ್ರಪ್ರಸ್ಥ ಮತ್ತು ರಾಜಘಾಟಿನವು ಮುಚ್ಚಿದ್ದವು. ಮುಚ್ಚಿದ್ದು ಸರಿ. ಆದರೆ ದೆಹಲಿಯವರು ಕರೆಂಟು ಬಿಟ್ಟರೇನು? ಹೊರಗಿನ ರಾಜ್ಯಗಳ ಕಲ್ಲಿದ್ದಲ ಕರೆಂಟು ತಂತಿಯ ಮೇಲೆ ಅಲ್ಲಿಗೆ ಬರುತ್ತಲೇ ಇದೆ. ತಂತಿಯಲ್ಲಿ ಬೂದಿ ಹೋಗುವುದಿಲ್ಲವಲ್ಲ, ಅದೇ ಅನುಕೂಲ. ರಾಯಚೂರಿಗೂ ಬೆಂಗಳೂರಿಗೂ ನಡುವೆ ಇರುವ ತಂತಿಯದ್ದೂ ಇದೇ ಗುಣ. ಬೆಂಗಳೂರಿನ ಲಿಫ್ಟು, ಏರ್ ಕಂಡೀಷನರು, ಗಾಜಿನ ಕಟ್ಟಡಗಳ ದೀಪ ಯಾವುದಕ್ಕೂ ಇಲ್ಲಿನ ಮಂದಿ ಹೊಟ್ಟೆಕಿಚ್ಚು ಪಡುತ್ತಿಲ್ಲ. ಬಿಲ್ಲಿನಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ ಎನ್ನುವುದಷ್ಟೇ ತಕರಾರು.

ಇದೇ ಮಾತನ್ನು ಭಾರತ ಲೋಕದ ಮುಂದೆ ಹೇಳುತ್ತಾ ಬಂದಿದೆ. ಇನ್ನೂರು ವರ್ಷ ಕಲ್ಲಿದ್ದಲು ಎಣ್ಣೆ ಸುಟ್ಟು ಶ್ರೀಮಂತರಾದ ದೇಶಗಳು ಈಗ ಬಡ ದೇಶಕ್ಕೆ ಒಲೆ ಆರಿಸು ಎನ್ನುವುದು ಯಾವ ನ್ಯಾಯ ಎಂದು ಕೇಳಿತು. ಕೇಳಿದ್ದು ತಪ್ಪಲ್ಲ. ಅಮೆರಿಕದ ಒಬ್ಬ ಪ್ರಜೆಯ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಹೊಗೆ, ಭಾರತದವನ ಲೆಕ್ಕಕ್ಕೆ ಸುಮಾರು 2 ಟನ್. 2021ರ ನವೆಂಬರಿನಲ್ಲಿ ಗ್ಲಾಸ್ಗೋ ಸಭೆಯ ಕೊನೆಯ ತಾಸಿನಲ್ಲಿ ಕಲ್ಲಿದ್ದಲನ್ನು "ನಿಲ್ಲಿಸುವುದು" ಎಂಬ ಮಾತು ತೆಗೆಸಿ "ಕಡಿಮೆ ಮಾಡುವುದು" ಎಂದು ಬರೆಸಿದ್ದು ಭಾರತವೇ. 2023ರ ದುಬೈ ಸಭೆಯಲ್ಲಿ ಕಲ್ಲಿದ್ದಲು, ಎಣ್ಣೆ, ಗ್ಯಾಸು ಮೂರರಿಂದಲೂ ಹೊರಬರಬೇಕೆಂದು ಎಲ್ಲ ದೇಶಗಳೂ ಒಪ್ಪಿದವು. ತಮಾಷೆ ಏನೆಂದರೆ, ಗ್ಲಾಸ್ಗೋಗೆ ವಿಮಾನ ಹತ್ತಿದ ನ್ಯಾಯ ವಾಪಸು ಬರುವಾಗ ದೆಹಲಿಯಲ್ಲೇ ಇಳಿದುಬಿಟ್ಟಿತು. ರಾಯಚೂರಿನ ಬಸ್ ನಿಲ್ದಾಣದವರೆಗೆ ಬರಲಿಲ್ಲ. ಹೆಚ್ಚು ಉರಿಸಿದವರು ಹೆಚ್ಚು ಕೊಡಬೇಕು, ಕಡಿಮೆ ಉಂಡು ಹೆಚ್ಚು ಬೂದಿ ಹೊತ್ತವರಿಗೆ ಪರಿಹಾರ ಬರಬೇಕು ಎನ್ನುವುದು ದೇಶ ದೇಶಗಳ ನಡುವೆ ನ್ಯಾಯವಾದರೆ ಜಿಲ್ಲೆ ಜಿಲ್ಲೆಗಳ ನಡುವೆ ಯಾಕಾಗಬಾರದು?

ಹೊಗೆಯ ಇನ್ನೊಂದು ಪೆಟ್ಟು ಬಿಸಿಲು. ರಾಯಚೂರಿಗೆ ಬಿಸಿಲು ಹೊಸದಲ್ಲ, ಆದರೆ ಭೂಮಿಯ ಕಾವು ಏರುತ್ತಾ ಹೋದ ಹಾಗೆ ಬಿಸಿಗಾಳಿಯ ದಿನಗಳು ಹೆಚ್ಚುತ್ತವೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಅನುಮಾನವಿಲ್ಲ. ಏರ್ ಕಂಡೀಷನರಿನ ಕೋಣೆಯಲ್ಲಿ ಕುಂತವನಿಗೆ 44 ಡಿಗ್ರಿ ಪತ್ರಿಕೆಯ ಸುದ್ದಿ. ಗಂಜಿನ ಹಮಾಲನಿಗೆ, ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ, ತಗಡಿನ ಶೆಡ್ಡಿನಲ್ಲಿ ಪಂಕ್ಚರ್ ಹಾಕುವವನಿಗೆ ಅದು ಆ ದಿನದ ಕೂಲಿ. 2009ರ ನೆರೆ ನೋಡಿದ ಊರುಗಳೇ 2019ರಲ್ಲಿ ಕೃಷ್ಣೆ ಉಕ್ಕಿದ್ದನ್ನು ನೋಡಿದವು, 2023ರಲ್ಲಿ ಬರ ನೋಡಿದವು. 2024ರಲ್ಲಿ ಸುಪ್ರೀಂ ಕೋರ್ಟು ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮದಿಂದ ರಕ್ಷಣೆ ಪಡೆಯುವುದು ಪ್ರಜೆಯ ಹಕ್ಕು, ಅದು ಸಂವಿಧಾನದ 14 ಮತ್ತು 21ನೇ ಕಲಮುಗಳಲ್ಲೇ ಇದೆ ಎಂದು ಹೇಳಿತು. ಹಕ್ಕು ಇದೆ ಅಂದಮೇಲೆ ಅದನ್ನು ಎಲ್ಲಿ ಹೋಗಿ ಕೇಳಬೇಕು ಎಂಬ ಕೌಂಟರನ್ನೂ ತೆರೆದಿದ್ದರೆ ಚೆನ್ನಾಗಿತ್ತು.

ದವಾಖಾನೆಯ ಮಾತು ಬಂದರೆ ರಾಯಚೂರಿನ ಹಣೆಬರಹದ ಒಂದು ವಿಚಿತ್ರ ಹೇಳಲೇಬೇಕು. ಊರಿನ ದೊಡ್ಡ ದವಾಖಾನೆಗೆ ಕಾಗದದ ಮೇಲೆ ರಾಜೀವ್ ಗಾಂಧಿ ಹೆಸರಿದ್ದರೂ ಆಟೋದವರಿಗೆ ಅದು "ಓಪೆಕ್". ಪೆಟ್ರೋಲ್ ಮಾರುವ ದೇಶಗಳ ಒಕ್ಕೂಟದ ನಿಧಿಯ ನೆರವಿನಿಂದ ಕಟ್ಟಿದ್ದಕ್ಕೆ ಆ ಹೆಸರು ಬಂತು. ಎಣ್ಣೆಯವರು ದವಾಖಾನೆಗೆ ಕೈ ಹಿಡಿದರು, ಕಲ್ಲಿದ್ದಲಿನವರು? ಏಮ್ಸ್ ಬೇಕೆಂದು ಈ ಊರಿನ ಮಂದಿ 2022ರ ಮೇ ತಿಂಗಳಲ್ಲಿ ಧರಣಿ ಕುಂತರು. ಅದು ಸಾವಿರ ದಿನ ದಾಟಿತು. ಎದೆಯ ಕಾಯಿಲೆಗೆ ಇಂದಿಗೂ ಇಲ್ಲಿಂದ ಹೈದರಾಬಾದಿಗೆ ಹೋಗುವವರು ಹೋಗುತ್ತಲೇ ಇದ್ದಾರೆ, ಅದೂ ಶಕ್ತಿನಗರದ ಚಿಮಣಿಗಳ ಮುಂದಿನಿಂದಲೇ.

ದುಡ್ಡಿಲ್ಲ ಎನ್ನುವ ಹಾಗಿಲ್ಲ. ಜಿಎಸ್‌ಟಿ ಕಟ್ಟುವ ಅಂಗಡಿಯವರು ಈ ಲೆಕ್ಕವನ್ನು ಗಮನವಿಟ್ಟು ನೋಡಬೇಕು. 2010ರಲ್ಲಿ ಕೇಂದ್ರ ಸರ್ಕಾರ ಒಂದು ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ ಹಾಕಿತು. ಹೆಸರು ಶುದ್ಧ ಇಂಧನದ ಸೆಸ್. 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ 400 ರೂಪಾಯಿ ರಾಜ್ಯಗಳಿಗೆ ನಷ್ಟ ತುಂಬಿಕೊಡುವ ಗಂಟಿಗೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಸೆಸ್ ತೆಗೆದು ಜಿಎಸ್‌ಟಿಯನ್ನು ನೂರಕ್ಕೆ 5ರಿಂದ 18ಕ್ಕೆ ಏರಿಸಿದರು. ಶಕ್ತಿನಗರ ಅರ್ಧ ಬಲದಲ್ಲಿ ಓಡಿದ ದಿನ 400 ರೂಪಾಯಿಯ ದರದಲ್ಲಿ ಸೆಸ್ ಎಷ್ಟಾಗುತ್ತಿತ್ತು? 53 ಲಕ್ಷ ರೂಪಾಯಿ. ದಿನಕ್ಕೆ. ಶುದ್ಧ ಗಾಳಿಯ ಹೆಸರಿನಲ್ಲಿ ಹುಟ್ಟಿದ ಆ ದುಡ್ಡು ಶಕ್ತಿನಗರದ ದಾರಿ ಹಿಡಿಯುವ ನಿಯಮವೇ ಇರಲಿಲ್ಲ.

ಗಣಿ ಇರುವ ಜಿಲ್ಲೆಗಳಿಗೆ 2015ರಿಂದ ಜಿಲ್ಲಾ ಖನಿಜ ನಿಧಿ ಇದೆ. ಅಗೆದವರು ಅಲ್ಲಿನ ಜನರ ಶಾಲೆ, ಕುಡಿಯುವ ನೀರು, ಆರೋಗ್ಯಕ್ಕೆ ಪಾಲು ಕೊಡಬೇಕು. ಒಳ್ಳೆಯ ಕಾನೂನು. ಆದರೆ ಕಲ್ಲಿದ್ದಲು ಅಗೆದಲ್ಲಿ ನಿಧಿ, ಸುಟ್ಟಲ್ಲಿ ಬೂದಿ. ಸುಡುವ ಜಿಲ್ಲೆಗೂ ಅಂಥದೊಂದು ನಿಧಿ ಬೇಕು. ಒಂದು ಯೂನಿಟ್ಟಿಗೆ ಒಂದೇ ಒಂದು ಪೈಸೆ ಎತ್ತಿಟ್ಟರೂ ಅರ್ಧ ಬಲದ ಲೆಕ್ಕದಲ್ಲಿ ದಿನಕ್ಕೆ ಎರಡು ಲಕ್ಷ, ವರ್ಷಕ್ಕೆ ಏಳೂವರೆ ಕೋಟಿ. 200 ಯೂನಿಟ್ ಉರಿಸುವ ಮನೆಗೆ ತಿಂಗಳಿಗೆ ಎರಡು ರೂಪಾಯಿ ಹೊರೆ. ಒಂದು ಕಪ್ ಚಹಾಕ್ಕೂ ಅಷ್ಟು ಸಾಲದು.

ಇನ್ನು ಮುಚ್ಚುವ ಮಾತು. "ಮುಚ್ಚಿದ್ರ ಕರೆಂಟ್ ಎಲ್ಲಿಂದ ಬರ್ತದ್ರೀ?" ಎಂದು ಕೇಳುವವರ ಪ್ರಶ್ನೆ ಹುರುಳಿಲ್ಲದ್ದಲ್ಲ. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟಿನ ಸೂರ್ಯಶಕ್ತಿ ಪಾರ್ಕು 2019ರ ಕೊನೆಗೆ ಪೂರ್ತಿಯಾಯಿತು. ಮೆಗಾವ್ಯಾಟ್ ಎಣಿಸಿದರೆ ಶಕ್ತಿನಗರಕ್ಕಿಂತ ದೊಡ್ಡದು. ಆದರೆ ಸೂರ್ಯ ಸಂಜೆ ಆರಕ್ಕೆ ಮನೆಗೆ ಹೋಗುತ್ತಾನೆ, ಅಂಗಡಿಯ ವ್ಯಾಪಾರ ಶುರುವಾಗುವುದೇ ಆಗ. ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡಲು ಬ್ಯಾಟರಿ ಬೇಕು, ಇಲ್ಲವೇ ನೀರನ್ನು ಮೇಲಕ್ಕೆ ಎತ್ತಿ ಇಳಿಸುವ ಯೋಜನೆ ಬೇಕು. ಶರಾವತಿಯಲ್ಲಿ 2000 ಮೆಗಾವ್ಯಾಟಿನ ಅಂಥದೊಂದು ಯೋಜನೆಯ ಪ್ರಸ್ತಾಪಕ್ಕೆ ಸಿಂಗಳೀಕದ ಕಾಡು ಹೋಗುತ್ತದೆಂದು ಮಲೆನಾಡಿನವರ ವಿರೋಧ ಎದ್ದಿತು. ರಾಯಚೂರಿನ ಬೂದಿ ತಪ್ಪಿಸಲು ಶಿವಮೊಗ್ಗದ ಕಾಡು ಕಡಿಯಿರಿ ಎನ್ನುವುದೂ ನ್ಯಾಯವಲ್ಲ. ಹೊಲದ ಪಂಪ್‌ಸೆಟ್ಟುಗಳಿಗೆ ಹಗಲಲ್ಲೇ ಬಿಸಿಲಿನ ಕರೆಂಟು ಕೊಟ್ಟು, ರಾತ್ರಿಯ ಹೊರೆ ಇಳಿಸಿ, ಅಷ್ಟರಮಟ್ಟಿಗೆ ಹಳೆಯ ಘಟಕಗಳನ್ನು ಒಂದೊಂದಾಗಿ ನಿಲ್ಲಿಸುವುದು ಸಾಧ್ಯವಿದ್ದ ದಾರಿ. ಬಿಸಿಲಿನ ಕರೆಂಟಿನ ದರ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್ಟಿಗೆ 2.44 ರೂಪಾಯಿಗೆ ಇಳಿಯಿತು, 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1.99ಕ್ಕೆ. ಬಿಸಿಲಿಗೇನು ರಾಯಚೂರಿನಲ್ಲಿ ಬರವೇ?

ಪಾವಗಡದಿಂದ ಕಲಿಯಬೇಕಾದ ಇನ್ನೊಂದು ಪಾಠ ಇದೆ. ಅಲ್ಲಿ ರೈತರ ಹೊಲ ಕಸಿದುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ಹೊಲ ಇದ್ದವರಿಗೆ ಬಾಡಿಗೆ ಬಂತು. ಹೊಲ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ, ಕುರಿ ಮೇಯಿಸಲು ಬಯಲೂ ಇಲ್ಲ. ರಾಯಚೂರಿನಲ್ಲಿ ನಾಳೆ ಒಲೆ ಆರಿದರೆ ಇದೇ ಪಾಡು ಯಾರಿಗೆ? ಕಾಯಂ ನೌಕರರನ್ನು ಸರ್ಕಾರ ಬೇರೆ ಕೇಂದ್ರಕ್ಕೆ ವರ್ಗ ಮಾಡಬಹುದು. ಗುತ್ತಿಗೆ ಕಾರ್ಮಿಕನಿಗೆ ವರ್ಗವಿಲ್ಲ. ಬೂದಿ ಲಾರಿಯ ಕಂತು ಕಟ್ಟುವವನಿಗೆ, ಗೇಟಿನ ಮುಂದೆ ಮಿರ್ಚಿ ಭಜಿ ಕರಿಯುವ ಅಕ್ಕನಿಗೆ, ಶಕ್ತಿನಗರದ ಬಾಡಿಗೆ ಮನೆಗಳ ಮಾಲೀಕನಿಗೆ ಯಾವ ಆದೇಶವೂ ಬರುವುದಿಲ್ಲ. ಒಂದು ದಿನ ಗಿರಾಕಿ ಬರುವುದಿಲ್ಲ, ಅಷ್ಟೆ.

ಆದ್ದರಿಂದಲೇ ತಾರೀಖು ಬೇಕು. 2023ರ ಜನವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹಳೆಯ ಕಲ್ಲಿದ್ದಲ ಘಟಕಗಳನ್ನು 2030ರವರೆಗೆ ಮುಚ್ಚಬೇಡಿ ಎಂದು ಎಲ್ಲ ರಾಜ್ಯಗಳ ಕಂಪನಿಗಳಿಗೂ ಹೇಳಿತು. ಸರಿ, ಬೇಸಿಗೆಯ ಬೇಡಿಕೆ ಏರುತ್ತಿದೆ, ಹಾಗೇ ಆಗಲಿ. ಆದರೆ 2030 ದೂರವೇನಲ್ಲ. ಆಗ ಒಂದನೇ ಘಟಕಕ್ಕೆ 45 ವರ್ಷ. ಅದು ನಿಲ್ಲುವ ವರ್ಷ ಯಾವುದು, ಎರಡು ಮೂರನೆಯವು ಯಾವಾಗ ಎಂದು ಇವತ್ತೇ ಬರೆದು ತೂಗುಹಾಕಿದರೆ ಲಾರಿಯವ ಹೊಸ ಸಾಲ ಮಾಡುವ ಮೊದಲು ಯೋಚಿಸುತ್ತಾನೆ, ಐಟಿಐ ಓದುವ ಹುಡುಗ ಬಾಯ್ಲರ್ ಬಿಟ್ಟು ಬ್ಯಾಟರಿಯ ಕೆಲಸ ಕಲಿಯುತ್ತಾನೆ. ಬ್ರಿಟನ್ನಿನವರು ಕಲ್ಲಿದ್ದಲಿನ ಕರೆಂಟು ನಿಲ್ಲಿಸುವ ಉದ್ದೇಶವನ್ನು 2015ರಲ್ಲೇ ಸಾರಿದರು, 2024ರ ಸೆಪ್ಟೆಂಬರ್ 30ಕ್ಕೆ ಕೊನೆಯ ಕೇಂದ್ರ ನಿಲ್ಲಿಸಿದರು. ಒಂಬತ್ತು ವರ್ಷ ಮುಂಚೆ ಹೇಳಿದ್ದಕ್ಕೆ ತಯಾರಿಗೆ ಅವಕಾಶವಾಯಿತು. ಅದೇ ದೇಶದಲ್ಲಿ ಎಂಬತ್ತರ ದಶಕದಲ್ಲಿ ಕಲ್ಲಿದ್ದಲ ಗಣಿಗಳನ್ನು ದಡಬಡ ಮುಚ್ಚಿದಾಗ ಊರಿಗೆ ಊರೇ ಬೀದಿಗೆ ಬಿದ್ದದ್ದೂ ಎಲ್ಲರಿಗೂ ಗೊತ್ತು.

ಊರಿನವರ ಕೈಯಲ್ಲೂ ಏನೂ ಇಲ್ಲವೆಂದಲ್ಲ. ಕರೆಂಟು ಹೋದ ಕೂಡಲೇ ಅಂಗಡಿಯ ಮೆಟ್ಟಿಲ ಮೇಲೆ ಭುರ್ರೆನ್ನುವ ಡೀಸೆಲ್ ಜನರೇಟರಿನ ಹೊಗೆ ಮೊದಲು ಹೋಗುವುದು ಮಾಲೀಕನ ಮೂಗಿಗೆ, ಆಮೇಲೆ ಗಿರಾಕಿಯ ಮೂಗಿಗೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿಯಾಗಿದೆ. ಛಾವಣಿಯ ಮೇಲೆ ಎರಡು ಸೋಲಾರ್ ಫಲಕ, ಕೆಳಗೊಂದು ಬ್ಯಾಟರಿ ಇಟ್ಟವರ ಅಂಗಡಿಯಲ್ಲಿ ಮಾತಾದರೂ ಕೇಳಿಸುತ್ತದೆ. ಬಸ್ಸುಗಳ ವಿಷಯವೂ ಹಾಗೇ. ಬೆಂಗಳೂರು ಮೈಸೂರು ನಡುವೆ 2023ರ ಜನವರಿಯಲ್ಲಿ ಬ್ಯಾಟರಿ ಬಸ್ಸು ಓಡಿತು. ರಾಯಚೂರು ಶಕ್ತಿನಗರ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಿ ಬರಲು ಅದಕ್ಕಿಂತ ತಕ್ಕ ಬಸ್ಸು ಯಾವುದು? ಹಾಂ, ಆ ಬಸ್ಸಿನ ಬ್ಯಾಟರಿಗೆ ಶಕ್ತಿನಗರದ ಕಲ್ಲಿದ್ದಲ ಕರೆಂಟನ್ನೇ ತುಂಬಿದರೆ ಬಸ್ ನಿಲ್ದಾಣದ ಹೊಗೆ ದೇವಸೂಗೂರಿಗೆ ಹೋಯಿತು ಅಷ್ಟೆ. ಎರಡೂ ಕೆಲಸ ಕೂಡಿಯೇ ಆಗಬೇಕು.

ಕೇಳಬೇಕಾದದ್ದು ಬಹಳ ಇಲ್ಲ. ಘಟಕವಾರು ನಿಲ್ಲಿಸುವ ವರ್ಷ. ಅಲ್ಲಿಯತನಕ ಚಿಮಣಿಯ ಅಳತೆ ದಿನಾ ಕನ್ನಡದಲ್ಲಿ ಬಸ್ ನಿಲ್ದಾಣದ ಬೋರ್ಡಿನ ಮೇಲೆ. ಬೂದಿ ಲಾರಿಗೆ ತಾಡಪತ್ರಿ ಇಲ್ಲದಿದ್ದರೆ ದಂಡ. ಸುತ್ತಲಿನ ಹಳ್ಳಿಗಳ ಮಕ್ಕಳಿಗೂ ಮುದುಕರಿಗೂ ವರ್ಷಕ್ಕೊಮ್ಮೆ ಎದೆಯ ತಪಾಸಣೆ, ಅದರ ಫಲಿತಾಂಶ ಅವರ ಕೈಗೇ. ಗುತ್ತಿಗೆ ಕಾರ್ಮಿಕರ ಹೆಸರುಗಳ ಪಟ್ಟಿ ಈಗಲೇ, ಬೀಗ ಬಿದ್ದ ಮೇಲಲ್ಲ. ಮುಚ್ಚಿದ ಜಾಗ, ಅಲ್ಲಿಗೆ ಬಂದಿರುವ ದೊಡ್ಡ ತಂತಿಗಳು, ರೈಲು ದಾರಿ ಇವನ್ನು ಮುಂದೇನು ಮಾಡಬೇಕೆಂದು ನಿರ್ಧರಿಸುವಾಗ ದೇವಸೂಗೂರಿನ ಗ್ರಾಮಸಭೆಯ ಒಪ್ಪಿಗೆ.

ಜಿಲ್ಲೆಯ ಕೆಡಿಪಿ ಸಭೆಯಲ್ಲಿ ಮಳೆ, ಬೀಜ, ಗೊಬ್ಬರ, ಕುಡಿಯುವ ನೀರು ಎಂದು ಬಾಬತ್ತುಗಳು ಸಾಲಾಗಿ ಬರುತ್ತವೆ. ಮುಂದಿನ ಸಭೆಯ ಪಟ್ಟಿಯಲ್ಲಿ ಶಕ್ತಿನಗರದ ಒಂದನೇ ಘಟಕ ಎಂಬ ಒಂದು ಸಾಲು ಸೇರಿಸಲು ಉಸ್ತುವಾರಿ ಮಂತ್ರಿಗಳಿಗೂ ಶಾಸಕರಿಗೂ ಒಂದು ಕಾಗದ, ಒಂದು ಪೆನ್ನು ಸಾಕು. ಆ ಸಭೆ ನಡೆಯುವ ಕೋಣೆಯಲ್ಲಿ ಅವತ್ತು ಕರೆಂಟು ಇದ್ದೇ ಇರುತ್ತದೆ.